ಪುಟ್ಟ ಇಂಜಿನ್ನಿಗೆ ದನಿ, ಬೆಳಕು

2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ನೀರಿನ ಗಾಡಿ ಬಂತು. ಹತ್ತು ಟ್ಯಾಂಕ್ ವ್ಯಾಗನ್ನು, ಒಂದೊಂದರಲ್ಲಿ ಸುಮಾರು 50 ಸಾವಿರ ಲೀಟರ್ ನೀರು, ಎಳೆಯಲು ಡೀಸೆಲ್ ಇಂಜಿನ್ನು. ‘ಜಲದೂತ’ ಎಂದು ಹೆಸರಾದ ಗಾಡಿ ಅದು. ಆ ಬರಗಾಲದ ಬೇಸಿಗೆ ಲಾತೂರಿನ ಸುತ್ತಲಿನ ನಿಲಂಗಾ, ಉಮರ್ಗಾ, ಉದಗೀರದ ಜನ ಮರೆಯುವಂಥದಲ್ಲ. ಗಾಡಿ ಬಂದದ್ದು ಹೆಚ್ಚೂಕಡಿಮೆ ಹಳೆಯ ಬಾರ್ಸಿ ಲೈಟ್ ರೈಲ್ವೆಯ ದಾರಿ ಹಿಡಿದು. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಹಾಕಿಸಿದ ಎರಡೂವರೆ ಅಡಿ ಅಗಲದ ಆ ಹಳಿ 1897ರಲ್ಲಿ ಬಾರ್ಸಿ ಮುಟ್ಟಿತು, 1911ರಲ್ಲಿ ಲಾತೂರು, 1927ರಲ್ಲಿ ಮಿರಜ. ಅದರ ಮೇಲೆ ಆಗ ಓಡಿದ್ದು ಉಗಿ ಇಂಜಿನ್ನು.

ದಾರಿ ಒಂದೇ, ಸದ್ದು ಎರಡು ಬಗೆ. ಪುಟ್ಟ ಮಾದರಿ ಇಂಜಿನ್ನಿನೊಳಗೆ ಸದ್ದು, ದೀಪ ಕೂರಿಸ ಹೊರಟವರು ತಂತಿ ಮುಟ್ಟುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು. ಸದ್ದು ನಡೆಯುವುದು ಗಾಲಿಯ ಹಿಂದೆಯೋ, ಚಾಲಕನ ಕೈಯ ಹಿಂದೆಯೋ?

ಉಗಿ ಇಂಜಿನ್ನಿನಲ್ಲಿ ಗಾಲಿಯ ಹಿಂದೆ. ಎರಡು ಸಿಲಿಂಡರಿನ ಇಂಜಿನ್ನಾದರೆ ದೊಡ್ಡ ಗಾಲಿ ಒಂದು ಸುತ್ತು ತಿರುಗಿದಾಗ ನಾಲ್ಕು ಸಲ ಉಗಿ ಉಸಿರುತ್ತದೆ. ಆ ‘ಛುಕ್’ ಎಣಿಕೆ ತಪ್ಪಿದರೆ ಮಗುವಿಗೂ ಗೊತ್ತಾಗುತ್ತದೆ. ಡೀಸೆಲ್ ಇಂಜಿನ್ನಿನ ರೀತಿ ಬೇರೆ. ಅಲ್ಲಿ ಇಂಜಿನ್ನು ಗಾಲಿಯನ್ನು ನೇರವಾಗಿ ತಿರುಗಿಸುವುದೇ ಇಲ್ಲ, ಜನರೇಟರ್ ತಿರುಗಿಸುತ್ತದೆ. ಅದರ ಕರೆಂಟು ಅಚ್ಚುಗಳ ಮೇಲಿನ ಮೋಟಾರುಗಳಿಗೆ ಹೋಗುತ್ತದೆ. ಇಂಜಿನ್ನು ಎಷ್ಟು ಗುಡುಗಬೇಕೆಂದು ಹೇಳುವುದು ಚಾಲಕನ ಕೈಯಲ್ಲಿರುವ ಹಿಡಿ. ಅದಕ್ಕೆ ಎಂಟು ಮೆಟ್ಟಿಲು. ರೈಲಿನವರು ನಾಚ್ ಎನ್ನುತ್ತಾರೆ.

ಇದನ್ನು ಕಿವಿಯಾರೆ ಕೇಳಬೇಕು. ಉಮರ್ಗಾದಲ್ಲಿ ಹಳಿಯಿಲ್ಲ, ನಿಲಂಗಾದಲ್ಲೂ ಇಲ್ಲ. ಉದಗೀರದಲ್ಲಿ ಇದೆ. ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಕಮಲನಗರ ದಾಟಿ ಪರಳಿಯ ಕಡೆ ಹೋಗುವ ದಾರಿ ಅದು. ಡೀಸೆಲ್ ಇಂಜಿನ್ನು ಕಟ್ಟಿದ ಗಾಡಿ ಹೊರಡುವಾಗ ಪ್ಲಾಟ್‌ಫಾರ್ಮಿನ ಮೇಲೆ ಕಣ್ಣು ಮುಚ್ಚಿ ನಿಂತುಕೊಳ್ಳಿ. ಮೊದಲು ಇಂಜಿನ್ನು ಮೈಮುರಿದು ಗುಡುಗುತ್ತದೆ. ಗಾಡಿ ಇನ್ನೂ ನಿಂತಲ್ಲೇ ಇರುತ್ತದೆ. ಗಾಲಿ ಕದಲುವುದು ಆಮೇಲೆ. ವೇಗ ಬಂದ ಮೇಲೆ ಚಾಲಕ ಹಿಡಿ ಇಳಿಸಿದರೆ ಗಾಡಿ ಜೋರಾಗಿಯೇ ಓಡುತ್ತಿರುತ್ತದೆ, ಇಂಜಿನ್ನು ಮಾತ್ರ ತಣ್ಣಗೆ ಗೊಣಗುತ್ತದೆ. ಅಂಗಡಿಯಿಂದ ತಂದ ಮಾದರಿಗಳು ಸುಳ್ಳೆನಿಸುವುದು ಹೆಚ್ಚಾಗಿ ಇಲ್ಲಿಯೇ: ಓಟ ಹೆಚ್ಚಿದಷ್ಟೂ ಸದ್ದು ಹೆಚ್ಚುತ್ತದೆ, ಆಟೋರಿಕ್ಷಾದ ಹಾಗೆ.

ಇನ್ನು ಒಳಗಿನ ಕೆಲಸ. ಎಚ್‌ಓ ಎಂಬ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ನಮ್ಮ ದೇಶದಲ್ಲಿ ದಶಕಗಳ ಕಾಲ ದುಡಿದ, 16 ಸಿಲಿಂಡರಿನ, 2600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 ಸುಮಾರು 17 ಮೀಟರ್ ಉದ್ದ. ಮಾದರಿಯಲ್ಲಿ ಗೇಣುದ್ದಕ್ಕೆ ಇಳಿಯುತ್ತದೆ. ಆ ಗೇಣಿನೊಳಗೆ ಮೋಟಾರು, ಹಲ್ಲುಗಾಲಿ, ತೂಕದ ಕಬ್ಬಿಣ ಮೊದಲೇ ಇವೆ. ಉಳಿದ ಸಂದಿಯಲ್ಲಿ, ಹಳಿಯಿಂದ ಬರುವ ಅಪ್ಪಣೆ ಓದಿ ನಡೆಸುವ, ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ಹಲಗೆ ಕೂರಬೇಕು. ಹೀಗೆ ಹಳಿಯಲ್ಲೇ ಅಪ್ಪಣೆ ಕಳಿಸುವುದು ಜರ್ಮನಿಯ ಲೆಂಟ್ಸ್ ಕಂಪನಿ 1980ರ ದಶಕದ ಕೊನೆಯಲ್ಲಿ ರೂಪಿಸಿದ, ಮುಂದೆ ಅಮೆರಿಕದ ಮಾದರಿ ರೈಲು ಸಂಘ ಎಲ್ಲರಿಗೂ ಒಂದೇ ಕಟ್ಟಳೆಯಾಗಿ ಒಪ್ಪಿದ ಪದ್ಧತಿ. ಹಳಿಯಲ್ಲಿ ಯಾವಾಗಲೂ ಸುಮಾರು 15 ವೋಲ್ಟ್ ಇರುತ್ತದೆ, ಅದರ ದಿಕ್ಕು ಸೆಕೆಂಡಿಗೆ ಸಾವಿರಾರು ಸಲ ಮಗುಚುತ್ತಿರುತ್ತದೆ. 58 ಮೈಕ್ರೊಸೆಕೆಂಡಿಗೆ ಮಗುಚಿದರೆ ‘ಒಂದು’, 100 ಅಥವಾ ಹೆಚ್ಚು ಹಿಡಿದರೆ ‘ಸೊನ್ನೆ’. ಈ ಒಂದು–ಸೊನ್ನೆಗಳಲ್ಲೇ ‘3ನೇ ಇಂಜಿನ್ನು, ದೀಪ ಹಚ್ಚು’ ಎಂಬ ಮಾತು ಹೋಗುತ್ತದೆ. ಮಾತು ಎಲ್ಲ ಇಂಜಿನ್ನುಗಳಿಗೂ ಕೇಳುತ್ತದೆ, ತನ್ನ ಸಂಖ್ಯೆ ಬಂದದ್ದು ಮಾತ್ರ ನಡೆಸಿಕೊಡುತ್ತದೆ.

ತಂತಿಗಳ ಬಣ್ಣ ಹೆಚ್ಚಿನ ಕಂಪನಿಗಳಲ್ಲಿ ಒಂದೇ. ಕೆಂಪು, ಕಪ್ಪು ಹಳಿಯಿಂದ ಬರುತ್ತವೆ; ಕಿತ್ತಳೆ, ಬೂದು ಮೋಟಾರಿಗೆ ಹೋಗುತ್ತವೆ; ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ಎಲ್ಲ ದೀಪಗಳಿಗೂ ಸೇರಿದ ಪ್ಲಸ್. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಮೋಟಾರಿನದು. ಹಳೆಯ ಮಾದರಿಗಳಲ್ಲಿ ಮೋಟಾರಿನ ಒಂದು ಕುಂಚ ನೇರವಾಗಿ ಲೋಹದ ಚೌಕಟ್ಟಿಗೆ ತಾಗಿರುತ್ತದೆ. ಅದನ್ನು ಬಿಡಿಸಿ, ನಡುವೆ ಟೇಪು ಸುತ್ತಿ, ಮಲ್ಟಿಮೀಟರ್ ಹಚ್ಚಿ, ಬೀಪ್ ಬರಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ. ನಾನು ಒಮ್ಮೆ ಅವಸರದಲ್ಲಿ ಈ ಪರೀಕ್ಷೆ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಡಿಕೋಡರ್ ಸುಟ್ಟ ವಾಸನೆ ಕೋಣೆ ತುಂಬಿತು. ತಿಂಗಳುಗಟ್ಟಲೆ ಕೂಡಿಟ್ಟ ಹಣದ ವಸ್ತು ಅದು.

ಡಿಕೋಡರಿನ ಸದ್ದು ಹೊರಬರುವ ಸ್ಪೀಕರಿಗೆ ಬರೋಣ. ಮೊಬೈಲಿನಲ್ಲಿರುವಂಥ, ಬೆರಳುಗುರಿನಷ್ಟು ದೊಡ್ಡದಾದ ಸ್ಪೀಕರ್ ಸಾಕು. ಬರಿದೇ ಇಟ್ಟರೆ ಮಾತ್ರ ಸೊಳ್ಳೆಯ ದನಿ. ಏಕತಾರಿಯ ತಂತಿಯನ್ನು ಬುರುಡೆಯಿಲ್ಲದೆ ಮೀಟಿದಂತೆ. ಸ್ಪೀಕರಿನ ಮುಂದಿನ ಗಾಳಿ ಹಿಂದಿನ ಗಾಳಿಯೊಂದಿಗೆ ಬೆರೆತು, ತಗ್ಗು ದನಿಗಳು ಒಂದನ್ನೊಂದು ನುಂಗಿಬಿಡುತ್ತವೆ. ಅದರ ಬೆನ್ನಿಗೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು, ಎಲ್ಲೂ ಸಂದಿಯಿಲ್ಲದಂತೆ, ಅಂಟಿಸಬೇಕು. ಸೂಜಿಮೊನೆಯಷ್ಟು ತೂತು ಉಳಿದರೂ ಗುಡುಗು ಸೋರಿಹೋಗುತ್ತದೆ. ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದೇ. ಡಬ್ಬಿ ಮುಚ್ಚಿದ ಗಳಿಗೆಯಲ್ಲಿ ಸೊಳ್ಳೆ ಹೋಗಿ ಇಂಜಿನ್ನು ಬರುತ್ತದೆ.

ದೀಪಕ್ಕೆ ಎಲ್‌ಇಡಿ, ಪ್ರತಿ ಎಲ್‌ಇಡಿಗೂ ಒಂದು ಸಾವಿರ ಓಮ್‌ನ ರೆಸಿಸ್ಟರ್. ಡಿಕೋಡರಿನಿಂದ ಬರುವ 13 ವೋಲ್ಟಿನಲ್ಲಿ ಎಲ್‌ಇಡಿ 3 ತಿಂದರೆ ಉಳಿದ 10 ವೋಲ್ಟು ರೆಸಿಸ್ಟರಿನ ಮೇಲೆ ಬೀಳುತ್ತದೆ, ಹರಿಯುವುದು 10 ಮಿಲಿಆಂಪಿಯರ್. ಹಳೆಯ ಇಂಜಿನ್ನಿಗೆ ನೀಲಿ ಛಾಯೆಯ ಬಿಳುಪು ಒಪ್ಪುವುದಿಲ್ಲ. ಹಳದಿ ಬೆರೆತ ಬಿಳುಪು ಬೇಕು. ಮೈಯ ಒಳಬದಿಗೆ ಕಪ್ಪು ಬಣ್ಣ ಬಳಿಯದಿದ್ದರೆ ಇಡೀ ಇಂಜಿನ್ನು ದೀಪಾವಳಿಯ ಆಕಾಶಬುಟ್ಟಿಯಾಗುತ್ತದೆ. ನಮ್ಮ ಇಂಜಿನ್ನುಗಳಿಗೆ ಇನ್ನೊಂದು ದೀಪವಿದೆ: ಹಳದಿ ಫ್ಲ್ಯಾಷರ್. ಪಕ್ಕದ ಹಳಿಗೆ ಅಪಾಯವಾಗಿರಬಹುದೆಂದು ಅನುಮಾನ ಬಂದಾಗ, ಎದುರು ಬರುವ ಗಾಡಿಯನ್ನು ಎಚ್ಚರಿಸಲು ಚಾಲಕ ಅದನ್ನು ಮಿಣುಕಿಸುತ್ತಾನೆ. ಹೊರದೇಶದ ಮಾದರಿಗಳಲ್ಲಿ ಇದಕ್ಕೆ ಜಾಗವಿರುವುದಿಲ್ಲ. ಡಿಕೋಡರಿನಲ್ಲಿ ಹೆಚ್ಚುವರಿ ದೀಪಕ್ಕೆಂದು ಇರುವ ಹಸಿರು ತಂತಿಗೆ ನಾವೇ ಜೋಡಿಸಬೇಕು. ಮಿಣುಕಿಸುವ ಲೆಕ್ಕ ಡಿಕೋಡರಿನಲ್ಲೇ ಇದೆ.

ಕೊನೆಗೆ ಮತ್ತೆ ಸದ್ದಿನ ಪ್ರಶ್ನೆ. ಡಿಕೋಡರಿನ ಸೆಟ್ಟಿಂಗುಗಳಿಗೆ ಸಿವಿ ಎನ್ನುತ್ತಾರೆ. ಸಿವಿ 1ರಲ್ಲಿ ಇಂಜಿನ್ನಿನ ಸಂಖ್ಯೆ. ಹೊಸದರಲ್ಲಿ 3 ಇರುತ್ತದೆ. ಸಿವಿ 3 ಏರಿಸಿದರೆ ಗಾಡಿ ನಿಧಾನವಾಗಿ ವೇಗ ಹಿಡಿಯುತ್ತದೆ, ಸಿವಿ 4 ಏರಿಸಿದರೆ ನಿಧಾನವಾಗಿ ನಿಲ್ಲುತ್ತದೆ. ಡೀಸೆಲ್ಲಿಗೆ ಎರಡನ್ನೂ ಧಾರಾಳವಾಗಿ ಏರಿಸಿ: ಗುಡುಗು ಮುಂದೆ, ಗಾಲಿ ಹಿಂದೆ. ಬಾರ್ಸಿಯ ಉಗಿ ಇಂಜಿನ್ನು ಕಟ್ಟುವವರು 9 ಮಿಲಿಮೀಟರ್ ಹಳಿ ಹಾಸಲಿ, ಎರಡೂವರೆ ಅಡಿಗೆ ಅದು ಹತ್ತಿರದ ಲೆಕ್ಕ. ಅವರು ‘ಛುಕ್’ ಎಣಿಸಿ ಹೊಂದಿಸಬೇಕು: ಗಾಲಿಗೆ ಸುಣ್ಣದ ಚುಕ್ಕೆಯಿಟ್ಟು, ಚುಕ್ಕೆ ಒಂದು ಸುತ್ತು ಬರುವುದರೊಳಗೆ ನಾಲ್ಕು ಕೇಳುವವರೆಗೆ.

ಎರೆಭೂಮಿಯ ಧೂಳು ಹಳಿಗೆ ಕೂತರೆ ಕರೆಂಟು ತಡವರಿಸಿ ಸದ್ದು ತುಂಡಾಗುತ್ತದೆ. ಹಳಿಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಡಿಕೋಡರಿಗೆ ಒಂದು ಕೆಪಾಸಿಟರ್ ಸೇರಿಸಿದರೆ ಅರೆಗಳಿಗೆಯ ತಡವರಿಕೆ ಕಿವಿಗೆ ಬೀಳುವುದಿಲ್ಲ. ಇಂಥ ಮಾದರಿಗಳ ಲೋಕವನ್ನೇ ನೋಡಬೇಕೆಂದರೆ ಪುಣೆಯ ಕೋಥರೂಡಿಗೆ ಹೋಗಿ. ಭಾವು ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ಸಂಗ್ರಹಾಲಯ 1998ರಿಂದ ಅಲ್ಲಿದೆ.