ಗರ್ಭಿಣಿಯ ಕೊನೆಯ ಮೂರು ತಿಂಗಳು: ಸಹಜವಾದುದು ಯಾವುದು, ಅಪಾಯದ ಸೂಚನೆ ಯಾವುದು?

ಮನೆಯ ಮಗಳಿಗೋ ಸೊಸೆಗೋ ಏಳು ತಿಂಗಳು ತುಂಬುತ್ತಿದ್ದಂತೆ ಕುಬುಸದ ಸಂಭ್ರಮ ಆರಂಭವಾಗುತ್ತದೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರು ಉಡಿ ತುಂಬಿ ಹರಸುತ್ತಾರೆ. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಗುರುಗಳಿಂದ ಲಿಂಗಸಂಸ್ಕಾರ ಮಾಡಿಸುವ ರೂಢಿಯೂ ನಮ್ಮಲ್ಲಿದೆ. ಈ ದಿನಗಳು ವಿಶೇಷವಾದುವೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ವೈದ್ಯಶಾಸ್ತ್ರವೂ 28ನೆಯ ವಾರದಿಂದ ಹೆರಿಗೆಯವರೆಗಿನ ಕಾಲವನ್ನು ಗರ್ಭಾವಸ್ಥೆಯ ಮೂರನೆಯ ಹಂತವೆಂದು ಪ್ರತ್ಯೇಕವಾಗಿ ಗಣಿಸುತ್ತದೆ.

ಈ ಹಂತದಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಸಹಜವಾದುವು. ಕೆಲವು ಮಾತ್ರ ಪ್ರಾಣಾಪಾಯದ ಮುನ್ಸೂಚನೆಗಳು. “ಬಸುರಿಗೆ ಇದೆಲ್ಲ ಇದ್ದದ್ದೇ” ಎಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುವುದರಿಂದ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಆದುದರಿಂದ ಇವೆರಡರ ವ್ಯತ್ಯಾಸವನ್ನು ಗರ್ಭಿಣಿಯೊಬ್ಬಳೇ ಅಲ್ಲ, ಅತ್ತೆ, ತಾಯಿ, ಪತಿ ಎಲ್ಲರೂ ತಿಳಿದಿರಬೇಕು.

ಸಹಜವಾದ ಬದಲಾವಣೆಗಳು

28ನೆಯ ವಾರದಲ್ಲಿ ಸುಮಾರು 1 ಕಿಲೋ ತೂಗುವ ಶಿಶುವು ದಿನ ತುಂಬುವ ವೇಳೆಗೆ ಎರಡೂವರೆ ಕಿಲೋಗಿಂತ ಹೆಚ್ಚು ತೂಗುವಂತೆ ಬೆಳೆಯುತ್ತದೆ. ಬೆಳೆದ ಗರ್ಭಕೋಶವು ಜಠರವನ್ನು ಒತ್ತುವುದರಿಂದ ಎದೆಯುರಿ, ಮೂತ್ರಕೋಶವನ್ನು ಒತ್ತುವುದರಿಂದ ಪದೇ ಪದೇ ಮೂತ್ರ, ಬೆನ್ನಿನ ಮೇಲೆ ಭಾರ ಬೀಳುವುದರಿಂದ ಸೊಂಟನೋವು ಉಂಟಾಗುತ್ತವೆ. ರಾತ್ರಿ ಮೀನಖಂಡಗಳ ಸೆಳೆತ, ಮಲಬದ್ಧತೆ, ಸಂಜೆಯ ಹೊತ್ತಿಗೆ ಪಾದಗಳಲ್ಲಿ ಅಲ್ಪ ಬಾವು ಇವೂ ಸಾಮಾನ್ಯ.

ಒಮ್ಮೆಗೇ ಹೊಟ್ಟೆ ತುಂಬ ಉಣ್ಣದೆ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣುವುದು, ಉಂಡೊಡನೆ ಮಲಗದಿರುವುದು, ಕುಳಿತಾಗ ಕಾಲುಗಳನ್ನು ಎತ್ತರದಲ್ಲಿಡುವುದು, ಅಂಗಾತ ಮಲಗದೆ ಮಗ್ಗುಲಾಗಿ, ಅದರಲ್ಲಿಯೂ ಎಡಮಗ್ಗುಲಾಗಿ ಮಲಗುವುದು ಹಿತಕರ. ಅಂಗಾತ ಮಲಗಿದಾಗ ಗರ್ಭದ ಭಾರವು ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳವನ್ನು ಒತ್ತಿ, ಶಿಶುವಿಗೆ ಹರಿಯುವ ರಕ್ತವನ್ನು ಕುಗ್ಗಿಸಬಹುದು.

ತಡಮಾಡಬಾರದ ಲಕ್ಷಣಗಳು

ಮುಖ ಮತ್ತು ಕೈಗಳಲ್ಲಿ ಬಾವು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇವು ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಉಂಟಾಗುವ ನಂಜಿನ ಲಕ್ಷಣಗಳು. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ನಿಗಾ ಅಗತ್ಯ. ನಿರ್ಲಕ್ಷಿಸಿದರೆ ಫಿಟ್ಸ್ ಬಂದು ತಾಯಿ-ಮಗು ಇಬ್ಬರ ಪ್ರಾಣಕ್ಕೂ ಸಂಚಕಾರವಾಗಬಹುದು. ಎಷ್ಟೋ ಬಾರಿ ರಕ್ತದೊತ್ತಡ ಏರಿದ್ದರೂ ಗರ್ಭಿಣಿಗೆ ಏನೂ ಅನಿಸುವುದಿಲ್ಲ. “ಚೆನ್ನಾಗಿಯೇ ಇದ್ದಾಳೆ” ಎಂದು ತಪಾಸಣೆ ತಪ್ಪಿಸಬಾರದೆನ್ನುವುದು ಇದಕ್ಕಾಗಿಯೇ.

ರಕ್ತಸ್ರಾವವಾದರೆ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಾಸು ಗರ್ಭಕೋಶದ ಕೆಳಭಾಗದಲ್ಲಿ ಅಂಟಿಕೊಂಡಿದ್ದರೆ ನೋವಿಲ್ಲದೆಯೇ ರಕ್ತ ಹೋಗುತ್ತದೆ. ದಿನ ತುಂಬುವ ಮೊದಲೇ ನೀರು ಒಡೆಯುವುದು, ಜ್ವರ, ಉಸಿರಾಟದ ತೊಂದರೆ ಇವೂ ಮನೆಮದ್ದಿಗೆ ಬಗ್ಗುವಂಥವಲ್ಲ.

ಮಗುವಿನ ಚಲನೆಯನ್ನು ಪ್ರತಿದಿನ ಗಮನಿಸಬೇಕು. ಊಟದ ನಂತರ ಎಡಮಗ್ಗುಲಾಗಿ ಮಲಗಿ ಎಣಿಸಿದರೆ, ಸಾಮಾನ್ಯವಾಗಿ ಎರಡು ಗಂಟೆಗಳೊಳಗೆ 10 ಚಲನೆಗಳಾದರೂ ತಿಳಿಯುತ್ತವೆ. ಹೆರಿಗೆ ಸಮೀಪಿಸಿದಾಗ ಮಗುವಿನ ಆಟ ನಿಲ್ಲುತ್ತದೆಂಬ ನಂಬಿಕೆ ತಪ್ಪು. ಚಲನೆ ಕಡಿಮೆಯಾದರೆ ನಾಳೆಯವರೆಗೆ ಕಾಯದೆ ಅಂದೇ ತೋರಿಸಬೇಕು.

ಆಹಾರ, ಮಾತ್ರೆ, ತಪಾಸಣೆ

ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆಂದು ಊಟ ಕಡಿಮೆ ಮಾಡಿಸುವ ಮನೆಗಳು ಇಂದಿಗೂ ಇವೆ. ಇದರಿಂದ ತಾಯಿ ನಿಶ್ಶಕ್ತಳಾಗುತ್ತಾಳೆ, ಮಗು ಕಡಿಮೆ ತೂಕದ್ದಾಗುತ್ತದೆ. ರೊಟ್ಟಿಯೊಡನೆ ಕಾಳುಪಲ್ಯ, ಸೊಪ್ಪು, ಶೇಂಗಾ, ಹಾಲು-ಮೊಸರು ದಿನವೂ ಇರಲಿ. ಸೊಪ್ಪು-ಕಾಳುಗಳಲ್ಲಿನ ಕಬ್ಬಿಣಾಂಶವನ್ನು ದೇಹವು ಚೆನ್ನಾಗಿ ಹೀರಿಕೊಳ್ಳಲು ನಿಂಬೆ, ನೆಲ್ಲಿಕಾಯಿ ನೆರವಾಗುತ್ತವೆ. ಶ್ರಾವಣವಾಗಲಿ ಶಿವರಾತ್ರಿಯಾಗಲಿ, ಈ ತಿಂಗಳುಗಳಲ್ಲಿ ನಿರಾಹಾರ ಉಪವಾಸ ಬೇಡ.

ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಮಣ್ಣು, ಬಳಪ, ಬೂದಿ ತಿನ್ನಬೇಕೆನಿಸುವುದು ಬಹುಮಟ್ಟಿಗೆ ಬಯಕೆಯಲ್ಲ, ರಕ್ತಹೀನತೆಯ ಕುರುಹು. ಸರಕಾರ ಉಚಿತವಾಗಿ ನೀಡುವ ಕಬ್ಬಿಣಾಂಶದ ಮಾತ್ರೆಗಳನ್ನು ಗರ್ಭಾವಸ್ಥೆಯಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸೇವಿಸಬೇಕು. ಮಲ ಕಪ್ಪಾಗುವುದಕ್ಕೆ ಹೆದರಬೇಕಾಗಿಲ್ಲ. ಚಹಾ, ಕಾಫಿ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಯಲ್ಲಿ ಮಾತ್ರ ಇವನ್ನು ನುಂಗಬಾರದು.

28 ರಿಂದ 34 ವಾರಗಳ ನಡುವೆ ಒಮ್ಮೆ, 36 ವಾರಗಳ ನಂತರ ಮತ್ತೊಮ್ಮೆಯಾದರೂ ತಪಾಸಣೆ ಆಗಲೇಬೇಕು. ಪ್ರತಿ ತಿಂಗಳ 9ರಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗಾಗಿಯೇ ಉಚಿತ ತಪಾಸಣೆ ನಡೆಯುತ್ತದೆ.

ತವರಿಗೆ ಹೊರಡುವ ಮುನ್ನ

ಹೆರಿಗೆಗೆ ತವರಿಗೆ ಹೋಗುವುದು ನಮ್ಮ ನಾಡಿನ ಪದ್ಧತಿ. ಗರ್ಭಿಣಿಯ ಮನಸ್ಸಿಗೆ ಅದು ನೆಮ್ಮದಿಯನ್ನೂ ತರುತ್ತದೆ. ಆದರೆ ಆರೇಳು ತಿಂಗಳು ಆಕೆಯನ್ನು ನೋಡಿದ ವೈದ್ಯರು ಒಂದೂರಿನಲ್ಲಿ, ಹೆರಿಗೆ ಮಾಡಿಸುವವರು ಇನ್ನೊಂದೂರಿನಲ್ಲಿ ಎಂಬಂತಾಗುತ್ತದೆ. ತಾಯಿ ಕಾರ್ಡ್ ಗಂಡನ ಮನೆಯ ಕಪಾಟಿನಲ್ಲೇ ಉಳಿದರೆ, ರಕ್ತದೊತ್ತಡ ಹಿಂದೆ ಎಷ್ಟಿತ್ತು, ರಕ್ತದ ಗುಂಪು ಯಾವುದು ಎಂಬುದು ಹೆರಿಗೆ ಕೋಣೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದುದರಿಂದ ಕಾರ್ಡು, ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆಯ ಚೀಟಿಗಳನ್ನು ಉಡಿಯಕ್ಕಿಯೊಡನೆಯೇ ಕಳುಹಿಸಬೇಕು. ದಿನ ತುಂಬುವವರೆಗೆ ಕಾಯದೆ ಮೊದಲೇ ಹೊರಡಬೇಕು. ತಲುಪಿದ ವಾರದೊಳಗೆ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕಂಡು ಹೆಸರು ಬರೆಸಿ, ಒಮ್ಮೆ ತಪಾಸಣೆ ಮಾಡಿಸಬೇಕು.

ಯಾವ ಆಸ್ಪತ್ರೆ, ರಾತ್ರಿಯಾದರೆ ಯಾವ ವಾಹನ, ಜೊತೆಯಲ್ಲಿ ಯಾರು, ಅಗತ್ಯಬಿದ್ದರೆ ರಕ್ತ ಕೊಡುವವರು ಯಾರು ಎಂಬುದನ್ನು ಮೊದಲೇ ನಿರ್ಧರಿಸಿರಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆಗೆ ಶುಲ್ಕವಿಲ್ಲ.

ಹೆರಿಗೆ ನೋವನ್ನು ಗುರುತಿಸುವುದು

ಕೊನೆಯ ವಾರಗಳಲ್ಲಿ ಹೊಟ್ಟೆ ಆಗಾಗ ಬಿಗಿದು ಸಡಿಲವಾಗುತ್ತದೆ. ವಿಶ್ರಾಂತಿ ಪಡೆದಾಗ ತಗ್ಗಿದರೆ ಅದು ಸುಳ್ಳು ನೋವು. ನಿಜವಾದ ನೋವು ಬರಬರುತ್ತ ಹೆಚ್ಚುತ್ತದೆ, ನಡುವಿನ ಅಂತರ ಕಡಿಮೆಯಾಗುತ್ತದೆ, ಬೆನ್ನಿನಿಂದ ಮುಂದಕ್ಕೆ ಹರಡುತ್ತದೆ. ರಕ್ತಮಿಶ್ರಿತ ಲೋಳೆ ಕಾಣಿಸಿದರೆ ಅಥವಾ ನೀರು ಒಡೆದರೆ ಆಸ್ಪತ್ರೆಗೆ ಹೊರಡಬೇಕು. 37 ವಾರಗಳಿಗೆ ಮುನ್ನವೇ ನೋವು ಕಾಣಿಸಿದರೆ ಅದು ಸುಳ್ಳೋ ನಿಜವೋ ಎಂಬುದನ್ನು ವೈದ್ಯರೇ ಹೇಳಲಿ.

ಗರ್ಭಿಣಿಯು “ನನಗೇಕೋ ಸರಿಯಿಲ್ಲ” ಎಂದಾಗ ಆ ಮಾತನ್ನು ನಂಬುವುದು ಮನೆಯವರ ಮೊದಲ ಕರ್ತವ್ಯ. ಪರೀಕ್ಷಿಸಿ ಏನೂ ಇಲ್ಲವೆಂದು ತಿಳಿದು ಮನೆಗೆ ಮರಳಿದರೆ ಆಗುವ ನಷ್ಟ ಅರ್ಧ ದಿನದ್ದಷ್ಟೇ. ಕುಬುಸದ ಆರತಿ ಬೆಳಗುವ ಹಿರಿಯರು ಅಂದೇ ಆಕೆಯ ತಾಯಿ ಕಾರ್ಡನ್ನೂ ಒಮ್ಮೆ ತೆರೆದು ನೋಡಲಿ ಎಂದು ನಾವು ವಿನಂತಿಸುತ್ತೇವೆ. ಎಲ್ಲ ಗರ್ಭಿಣಿ ತಾಯಂದಿರಿಗೂ ಸುಖಪ್ರಸವವಾಗಲೆಂದು ಹಾರೈಸುತ್ತೇವೆ.