ಬಾರದ ಮುಷ್ಕರದ ಬಾಧೆ

ಮುಷ್ಕರ ಹೂಡಿದ ಮೇಲೆ ಕೆಲಸ ನಿಲ್ಲುವುದು ಲೋಕರೂಢಿ. ಹೂಡದ ಮುಷ್ಕರಕ್ಕೆ ಕೆಲಸ ನಿಂತುಹೋದ ವಿಚಿತ್ರವನ್ನು ಕಾಣಬೇಕಾದರೆ 2001ರ ಹಾಲಿವುಡ್ಡಿನತ್ತ ನೋಡಬೇಕು.

ಆ ವರ್ಷ ಅಮೆರಿಕದ ಚಿತ್ರಲೇಖಕರ ಸಂಘಕ್ಕೂ ನಿರ್ಮಾಪಕರಿಗೂ ಇದ್ದ ಕರಾರು ಮೇ ತಿಂಗಳ ಆರಂಭದಲ್ಲಿಯೂ ನಟನಟಿಯರ ಕರಾರು ಜೂನ್ 30ರಂದೂ ಕೊನೆಗೊಳ್ಳಬೇಕಾಗಿದ್ದಿತು. ಟೆಲಿವಿಷನ್, ವಿಡಿಯೋ, ಪರದೇಶಗಳಲ್ಲಿನ ಮರುಪ್ರದರ್ಶನ—ಇವುಗಳ ಆದಾಯದಲ್ಲಿ ತಮ್ಮ ಪಾಲು ಹೆಚ್ಚಬೇಕೆಂಬುದು ಲೇಖಕರ ಬೇಡಿಕೆ. 1988ರಲ್ಲಿ ಇದೇ ಸಂಘವು 5 ತಿಂಗಳ ಕಾಲ ಲೇಖನಿಯನ್ನು ಕೆಳಗಿಟ್ಟುದನ್ನು ಸ್ಟುಡಿಯೋಗಳು ಮರೆತಿರಲಿಲ್ಲ. 2000ದಲ್ಲಿ ಜಾಹೀರಾತು ಚಿತ್ರಗಳ ನಟರು 6 ತಿಂಗಳು ಹೊರಗುಳಿದ ನೆನಪಂತೂ ಇನ್ನೂ ಹಸಿಯಾಗಿದ್ದಿತು.

ಮಳೆಗಾಲಕ್ಕೆ ಮುನ್ನ ಸೌದೆ ಕೂಡಿಡುವ ಗೃಹಿಣಿಯಂತೆ ಸ್ಟುಡಿಯೋಗಳು ಚಿತ್ರಗಳನ್ನು ಕೂಡಿಡತೊಡಗಿದವು. ಜೂನ್ ಮುಗಿಯುವುದರೊಳಗೆ ಚಿತ್ರೀಕರಣ ಮುಗಿಯಲೇಬೇಕು! ಇನ್ನೂ ಹದಗೊಳ್ಳದ ಕಥೆಗಳನ್ನೂ ಅವಸರದಿಂದ ಕ್ಯಾಮೆರಾದ ಮುಂದೆ ತರಲಾಯಿತು. ಬಡಗಿಗಳಿಗೆ, ದೀಪದವರಿಗೆ, ಬಣ್ಣ ಬಳಿಯುವವರಿಗೆ ಉಸಿರಾಡಲು ಬಿಡುವಿಲ್ಲ. ಟೆಲಿವಿಷನ್ ಸಂಸ್ಥೆಗಳು ಲೇಖಕರ ಹಂಗು ಅಷ್ಟಾಗಿ ಬೇಡದ ಸ್ಪರ್ಧಾ ಕಾರ್ಯಕ್ರಮಗಳತ್ತ ಕಣ್ಣುಹಾಯಿಸಿದವು.

ಆದರೆ ಮುಷ್ಕರ ಬರಲೇ ಇಲ್ಲ. ಮೇ 4ರಂದು ಲೇಖಕರೊಡನೆ, ಜುಲೈ 3ರಂದು ನಟರೊಡನೆ ಒಪ್ಪಂದವಾಯಿತು. ಹಬ್ಬ ಮಾಡಬೇಕಾದ ಹೊತ್ತು! ಆದರೆ ಕಣಜ ತುಂಬಿಕೊಂಡಿದ್ದ ಸ್ಟುಡಿಯೋಗಳಿಗೆ ಹೊಸ ಚಿತ್ರದ ಆತುರವೆಲ್ಲಿಯದು? ಆ ಬೇಸಗೆಯಲ್ಲಿ ಚಿತ್ರೀಕರಣ ಬತ್ತಿತು. ಮಾತುಕತೆಯ ಮೇಜಿನ ಬಳಿ ಸುಳಿಯದಿದ್ದ ಬಡಗಿ, ವಾಹನ ಚಾಲಕ, ಊಟ ಒದಗಿಸುವವ—ಇವರು ಒಂದು ದಿನವೂ ಮುಷ್ಕರ ಹೂಡದೆ ಮುಷ್ಕರದ ಉಪವಾಸವನ್ನು ಉಂಡರು.

2008ರಲ್ಲಿ ಇದೇ ಆಟ ಬೇರೊಂದು ರೂಪದಲ್ಲಿ ಮರಳಿತು. ಲೇಖಕರು ಆಗತಾನೆ 100 ದಿನಗಳ ಮುಷ್ಕರ ಮುಗಿಸಿದ್ದರು. ಅದರ ನಡುವೆ ‘ಕ್ವಾಂಟಮ್ ಆಫ್ ಸೋಲೇಸ್’ ಚಿತ್ರದ ನಾಯಕ ಡೇನಿಯಲ್ ಕ್ರೇಗ್ ತಾವೇ ದೃಶ್ಯಗಳನ್ನು ತಿದ್ದಿ ಬರೆಯಬೇಕಾಗಿ ಬಂದಿತಂತೆ. ಆ ವರ್ಷದ ಜೂನ್ 30ಕ್ಕೆ ನಟರ ಕರಾರು ತೀರಲಿದ್ದಿತು. ಸ್ವತಂತ್ರ ನಿರ್ಮಾಪಕನಿಗೆ ಸಾಲ ಕೊಡುವ ಬ್ಯಾಂಕು, ಚಿತ್ರ ಪೂರ್ಣಗೊಳ್ಳುವುದೆಂದು ಮತ್ತೊಂದು ಸಂಸ್ಥೆ ಹೊಣೆ ನಿಂತಲ್ಲದೆ ಹಣ ಬಿಚ್ಚದು. ಆ ಗಡುವನ್ನು ದಾಟುವ ಚಿತ್ರಗಳಿಗೆ ಹೊಣೆ ನಿಲ್ಲುವವರು ಹಿಂಜರಿದರು. ಸಾಲವಿಲ್ಲ, ಆದುದರಿಂದ ಚಿತ್ರವೂ ಇಲ್ಲ. ಕಡೆಗೆ ನಟರ ಸಂಘವೇ ಕೆಲವು ಸ್ವತಂತ್ರ ನಿರ್ಮಾಪಕರಿಗೆ, ಮುಷ್ಕರವಾದರೂ ನಿಮ್ಮ ಕೆಲಸ ನಿಲ್ಲಿಸೆವು ಎಂದು ಬರೆದುಕೊಡಬೇಕಾಯಿತು. ನಟರ ಹೊಸ ಕರಾರಿಗೆ ಒಪ್ಪಿಗೆಯ ಮುದ್ರೆ ಬಿದ್ದುದು 2009ರ ಜೂನಿನಲ್ಲಿ. ಆ ಬಾರಿಯೂ ನಟರು ಮುಷ್ಕರ ಹೂಡಲಿಲ್ಲ.