ಲೆಕ್ಕಪತ್ರ ವಿಷಯದ ಇಲಾಖಾ ಪರೀಕ್ಷೆಗಳಿಗೆ ಸಿದ್ಧತೆ: ಸೇವಾನಿರತ ನೌಕರರಿಗೆ ಅಧ್ಯಯನ ಮಾರ್ಗದರ್ಶನ

1. ಪೀಠಿಕೆ

ರಾಜ್ಯ ಸರ್ಕಾರಿ ಸೇವೆಯಲ್ಲಿರುವ ನೌಕರರಿಗೆ ಕರ್ನಾಟಕ ಸಿವಿಲ್ ಸೇವೆಗಳು (ಸೇವಾ ಮತ್ತು ಕನ್ನಡ ಭಾಷಾ ಪರೀಕ್ಷೆಗಳು) ನಿಯಮಗಳು, 1974ರ ಅನ್ವಯ ಇಲಾಖಾ ಪರೀಕ್ಷೆಗಳನ್ನು ನಿಗದಿಪಡಿಸಲಾಗಿದೆ. ಕರ್ನಾಟಕ ಲೋಕಸೇವಾ ಆಯೋಗವು ಪ್ರಥಮ ಮತ್ತು ದ್ವಿತೀಯ ಅಧಿವೇಶನಗಳೆಂದು ಈ ಪರೀಕ್ಷೆಗಳನ್ನು ನಡೆಸುತ್ತದೆ. ಇವುಗಳಲ್ಲಿ ಲೆಕ್ಕಪತ್ರ ವಿಷಯದ ‘ಅಕೌಂಟ್ಸ್ ಲೋಯರ್’ ಹಾಗೂ ‘ಅಕೌಂಟ್ಸ್ ಹೈಯರ್’ ಪರೀಕ್ಷೆಗಳು ಬಹುಸಂಖ್ಯೆಯ ನೌಕರರಿಗೆ ಸಂಬಂಧಿಸಿದವು. ಹುದ್ದೆಗೆ ಅನ್ವಯಿಸುವ ನಿಯಮಗಳಿಗೆ ಅನುಸಾರವಾಗಿ, ಪರಿವೀಕ್ಷಣಾವಧಿಯ ತೃಪ್ತಿಕರ ಪೂರ್ಣಗೊಳಿಸುವಿಕೆ ಮತ್ತು ಪದೋನ್ನತಿ ಈ ಪರೀಕ್ಷೆಗಳ ಫಲಿತಾಂಶವನ್ನು ಅವಲಂಬಿಸಿರುತ್ತವೆ.

ಪರೀಕ್ಷೆಗೆ ಕುಳಿತುಕೊಳ್ಳುವವರಲ್ಲಿ ಅನೇಕರು ಶಾಲಾ ಕಾಲೇಜುಗಳನ್ನು ಬಿಟ್ಟು ಹತ್ತು, ಇಪ್ಪತ್ತು ವರ್ಷಗಳಾದವರು. ಅನುಕಂಪದ ಆಧಾರದ ಮೇಲೆ ನೇಮಕಗೊಂಡು ಅನಿರೀಕ್ಷಿತವಾಗಿ ಸಂಸಾರದ ಹೊಣೆ ಹೊತ್ತವರೂ, ವಾಣಿಜ್ಯ ವಿಷಯವನ್ನು ಎಂದೂ ಓದದವರೂ ಇವರಲ್ಲಿರುತ್ತಾರೆ. ಹಗಲು ಕಚೇರಿ, ಸಂಜೆ ಮನೆ, ಉಳಿದ ಸಮಯದಲ್ಲಿ ಓದು ಎಂಬ ಪರಿಸ್ಥಿತಿಯಲ್ಲಿ ವಿದ್ಯಾರ್ಥಿ ದೆಸೆಯ ಓದಿನ ಕ್ರಮವು ಫಲ ನೀಡುವುದು ಕಷ್ಟ. ಅಂಥ ನೌಕರರಿಗೆ ಅನುಕೂಲವಾಗುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ವಯಸ್ಸು ಮತ್ತು ನೆನಪು

‘ವಯಸ್ಸಾಯಿತು, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ’ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಸಮಯದಲ್ಲಿ ಎಷ್ಟು ಮರೆತುಹೋಗುತ್ತದೆ ಎಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವಿನ ಹೆಚ್ಚಿನ ಭಾಗವು ಕಲಿತ ಮೊದಲ ಕೆಲವು ಗಂಟೆಗಳಲ್ಲಿಯೇ ಆಗುತ್ತದೆ, ಅನಂತರ ಅದರ ವೇಗ ಕುಗ್ಗುತ್ತದೆ ಎಂಬುದು ಅವರು ಕಂಡುಕೊಂಡ ಅಂಶ. ಪ್ರಯೋಗಗಳನ್ನು ಆರಂಭಿಸಿದಾಗ ಅವರ ವಯಸ್ಸು ಮೂವತ್ತರ ಆಸುಪಾಸು. ಆದುದರಿಂದ ನಿನ್ನೆ ಓದಿದ್ದು ಇಂದು ಮರೆತಿದ್ದರೆ ಅದನ್ನು ವಯಸ್ಸಿನ ದೋಷವೆಂದು ಭಾವಿಸಿ ಎದೆಗುಂದಬೇಕಾಗಿಲ್ಲ. ಅದು ನೆನಪಿನ ಸಹಜ ಸ್ವಭಾವ.

ಇದಕ್ಕೆ ಪರಿಹಾರವೆಂದರೆ ಅಂತರ ಬಿಟ್ಟು ಮತ್ತೆ ಮತ್ತೆ ನೆನಪಿಸಿಕೊಳ್ಳುವುದು. ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠವನ್ನು ಪುನಃ ಪುನಃ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದ್ದವರೇ ಹೆಚ್ಚು ಉಳಿಸಿಕೊಂಡಿದ್ದರು. ನಿಯಮವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಅದರ ಸಾರಾಂಶವನ್ನು ಸ್ವಂತ ಮಾತಿನಲ್ಲಿ ಬರೆದು, ಬಿಟ್ಟುಹೋದ ಅಂಶವನ್ನು ಕೆಂಪು ಶಾಯಿಯಲ್ಲಿ ಸೇರಿಸುವುದು ಉತ್ತಮ ಅಭ್ಯಾಸ. ಅದೇ ನಿಯಮವನ್ನು ಮರುದಿನ, ವಾರದ ಕೊನೆಗೆ ಹಾಗೂ ತಿಂಗಳ ಕೊನೆಗೆ ಇದೇ ರೀತಿ ನೆನಪಿಸಿಕೊಳ್ಳಬೇಕು.

3. ಕಚೇರಿಯ ಕಡತವೇ ಪಠ್ಯಪುಸ್ತಕ

ಸೇವಾನಿರತ ಅಭ್ಯರ್ಥಿಗೆ ಕಾಲೇಜು ವಿದ್ಯಾರ್ಥಿಗೆ ಇಲ್ಲದ ಒಂದು ಅನುಕೂಲವಿದೆ. ಪರೀಕ್ಷೆಯಲ್ಲಿ ಕೇಳಲಾಗುವ ವಿಷಯವು ಪ್ರತಿದಿನ ಅವರ ಮೇಜಿನ ಮೇಲೆಯೇ ಇರುತ್ತದೆ. ಕರ್ನಾಟಕ ಆರ್ಥಿಕ ಸಂಹಿತೆ, 1958, ಕರ್ನಾಟಕ ಖಜಾನೆ ಸಂಹಿತೆ, 1958, ಸಾದಿಲ್ವಾರು ವೆಚ್ಚದ ಕೈಪಿಡಿ, ಕೆ.ಸಿ.ಎಸ್.ಆರ್. ಎಂದು ರೂಢಿಯಲ್ಲಿರುವ ಸೇವಾ ನಿಯಮಗಳು - ಇವೆಲ್ಲವೂ ಕಚೇರಿಯ ಒಂದಲ್ಲ ಒಂದು ಕಡತದಲ್ಲಿ ಜೀವಂತವಾಗಿವೆ.

ಇಂದು ವೇತನ ಬಿಲ್ಲು ಎಚ್.ಆರ್.ಎಂ.ಎಸ್. ಮೂಲಕ ಸಿದ್ಧವಾಗುತ್ತದೆ, ಬಿಲ್ಲುಗಳು ‘ಖಜಾನೆ-2’ ವ್ಯವಸ್ಥೆಯಲ್ಲಿ ಸಲ್ಲಿಕೆಯಾಗುತ್ತವೆ. ಕಂಪ್ಯೂಟರ್ ಪರದೆಯು ಉತ್ತರವನ್ನು ತೋರಿಸುತ್ತದೆಯೇ ಹೊರತು ಅದರ ಹಿಂದಿನ ನಿಯಮವನ್ನು ಕಲಿಸುವುದಿಲ್ಲ. ಆದುದರಿಂದ ದಿನಕ್ಕೆ ಒಂದು ಕಾಗದವನ್ನು ಆರಿಸಿಕೊಂಡು ಕೆಳಕಂಡ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು:

(ಅ) ಈ ವೆಚ್ಚಕ್ಕೆ ಮಂಜೂರಾತಿ ನೀಡುವ ಅಧಿಕಾರ ಯಾರಿಗೆ ಇದೆ?
(ಆ) ಇದಕ್ಕೆ ಆಯವ್ಯಯದಲ್ಲಿ ಅನುದಾನ ಯಾವ ಲೆಕ್ಕಶೀರ್ಷಿಕೆಯಡಿ ಇದೆ?
(ಇ) ಹಣ ಸಂದಾಯವಾದುದಕ್ಕೆ ಆಧಾರವಾದ ಓಚರು ಯಾವುದು?

ಖಜಾನೆಯಿಂದ ಆಕ್ಷೇಪಣೆಯೊಂದಿಗೆ ಹಿಂತಿರುಗಿದ ಬಿಲ್ಲು ಮತ್ತು ಲೆಕ್ಕಪರಿಶೋಧನಾ ವರದಿಯ ಕಂಡಿಕೆಗಳು ಅತ್ಯುತ್ತಮ ಪಾಠಗಳು. ಯಾವ ನಿಯಮದ ಉಲ್ಲಂಘನೆಯಿಂದ ಆಕ್ಷೇಪಣೆ ಬಂದಿತು ಎಂಬುದನ್ನು ಮೂಲ ಪುಸ್ತಕದಲ್ಲಿ ಹುಡುಕಿ ಓದಿದರೆ ಆ ನಿಯಮವು ಸುಲಭವಾಗಿ ಮರೆಯುವುದಿಲ್ಲ.

4. ರೂಢಿ ಬೇರೆ, ನಿಯಮ ಬೇರೆ

ಅನುಭವಿ ನೌಕರರು ಅನುತ್ತೀರ್ಣರಾಗಲು ಒಂದು ಮುಖ್ಯ ಕಾರಣವನ್ನು ಇಲ್ಲಿ ಹೇಳುವುದು ಅಗತ್ಯ. ಅವರು ಪ್ರಶ್ನೆಗೆ ನಿಯಮವನ್ನು ಬರೆಯದೆ ತಮ್ಮ ಕಚೇರಿಯ ರೂಢಿಯನ್ನು ಉತ್ತರವಾಗಿ ಕೊಡುತ್ತಾರೆ. ನಗದು ಪುಸ್ತಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆಲವು ಕಚೇರಿಗಳಲ್ಲಿ ವಾರದ ವ್ಯವಹಾರಗಳನ್ನು ಶನಿವಾರ ಒಟ್ಟಿಗೆ ನಮೂದಿಸುವ ಅಭ್ಯಾಸವಿರಬಹುದು. ಆದರೆ ನಿಯಮದ ಪ್ರಕಾರ:

- ಹಣದ ಪ್ರತಿಯೊಂದು ವ್ಯವಹಾರವನ್ನು ಅದು ನಡೆದ ಕೂಡಲೇ ನಮೂದಿಸಿ, ಕಚೇರಿ ಮುಖ್ಯಸ್ಥರಿಂದ ದೃಢೀಕರಣ ಪಡೆಯಬೇಕು.
- ಪುಸ್ತಕ ಬರೆದವರೇ ಮೊತ್ತಗಳನ್ನು ಪರಿಶೀಲಿಸಿದರೆ ಸಾಲದು. ಆ ಪರಿಶೀಲನೆಯನ್ನು ಕಚೇರಿ ಮುಖ್ಯಸ್ಥರು ಅಥವಾ ಜವಾಬ್ದಾರಿಯುತವಾದ ಬೇರೊಬ್ಬ ನೌಕರರು ಮಾಡಬೇಕು.
- ತಿಂಗಳ ಕೊನೆಯಲ್ಲಿ ಕೈಯಲ್ಲಿರುವ ನಗದನ್ನು ಎಣಿಸಿ, ಪುಸ್ತಕದ ಶಿಲ್ಕಿನೊಡನೆ ತಾಳೆ ನೋಡಿ, ಪ್ರಮಾಣಪತ್ರ ಬರೆಯಬೇಕು.
- ತಪ್ಪು ನಮೂದನ್ನು ಅಳಿಸಬಾರದು, ಮೇಲೆ ಬರೆಯಬಾರದು. ಗೆರೆ ಎಳೆದು, ಸರಿಯಾದ ಅಂಕಿ ಬರೆದು, ದೃಢೀಕರಣ ಪಡೆಯಬೇಕು.

ಈ ವ್ಯತ್ಯಾಸವು ಕೇವಲ ಅಂಕಗಳ ಪ್ರಶ್ನೆಯಲ್ಲ. ‘ಹಿಂದಿನವರು ಹೀಗೆಯೇ ಮಾಡುತ್ತಿದ್ದರು’ ಎಂಬ ಸಮಜಾಯಿಷಿಯನ್ನು ಲೆಕ್ಕಪರಿಶೋಧನೆ ಒಪ್ಪುವುದಿಲ್ಲ. ಹಣದ ಕೊರತೆ ಕಂಡುಬಂದಾಗ ವಸೂಲಾತಿಯ ನೋಟೀಸು ಪುಸ್ತಕ ಬರೆದ ಗುಮಾಸ್ತರ ಹೆಸರಿಗೇ ಬರಬಹುದು. ನಿವೃತ್ತಿಯ ವೇಳೆಗೆ ಇತ್ಯರ್ಥವಾಗದ ಪ್ರಕರಣವು ನಿವೃತ್ತಿ ಸೌಲಭ್ಯಗಳಿಗೂ ಅಡ್ಡಿಯಾಗಬಹುದು. ಪರೀಕ್ಷೆಗೆ ಕಲಿತ ನಿಯಮವು ಸೇವಾವಧಿಯುದ್ದಕ್ಕೂ ನೌಕರನಿಗೆ ರಕ್ಷಣೆಯಾಗಿ ನಿಲ್ಲುತ್ತದೆ. ಓದುವಾಗ ಒಂದು ಪುಟವನ್ನು ಎರಡು ಅಂಕಣಗಳಾಗಿ ವಿಂಗಡಿಸಿ ‘ನಮ್ಮಲ್ಲಿ ನಡೆಯುವ ಕ್ರಮ’ ಮತ್ತು ‘ನಿಯಮ ಹೇಳುವ ಕ್ರಮ’ ಎಂದು ಬರೆದುಕೊಳ್ಳುವುದು ಬಹಳ ಉಪಯುಕ್ತ.

5. ಅರ್ಥಮಾಡಿಕೊಂಡರೆ ಹಗುರ: ಎರಡು ಉದಾಹರಣೆಗಳು

ಲೆಕ್ಕಶೀರ್ಷಿಕೆಗಳು: ನಾಲ್ಕು ಅಂಕಿಗಳ ಪ್ರಧಾನ ಶೀರ್ಷಿಕೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದು ಶ್ರಮದ ಕೆಲಸ. ಮೊದಲ ಅಂಕಿಯ ಅರ್ಥ ತಿಳಿದರೆ ಹೊರೆ ಇಳಿಯುತ್ತದೆ. 0 ಮತ್ತು 1ರಿಂದ ಆರಂಭವಾಗುವವು ರಾಜಸ್ವ ಜಮೆಗಳು; 2 ಮತ್ತು 3 ರಾಜಸ್ವ ವೆಚ್ಚ; 4 ಮತ್ತು 5 ಬಂಡವಾಳ ವೆಚ್ಚ; 6 ಮತ್ತು 7 ಸಾಲಗಳು ಮತ್ತು ಮುಂಗಡಗಳು; 8ರ ಸರಣಿಯಲ್ಲಿ 8000 ಸಾದಿಲ್ವಾರು ನಿಧಿಯಾದರೆ ಉಳಿದವು ಸಾರ್ವಜನಿಕ ಲೆಕ್ಕಕ್ಕೆ ಸೇರಿದವು. ಹೀಗಾಗಿ ಆರೋಗ್ಯಕ್ಕೆ ಸಂಬಂಧಿಸಿದ ಜಮೆ 0210, ರಾಜಸ್ವ ವೆಚ್ಚ 2210, ಬಂಡವಾಳ ವೆಚ್ಚ 4210, ಸಾಲ 6210. ಸಾಮಾನ್ಯ ಶಿಕ್ಷಣದ ರಾಜಸ್ವ ವೆಚ್ಚ 2202 ಎಂದು ತಿಳಿದವರು, ಶಾಲಾ ಕಟ್ಟಡದ ಬಂಡವಾಳ ವೆಚ್ಚ 4202ರಡಿ ಬರುತ್ತದೆಂದು ತಾವೇ ಊಹಿಸಬಲ್ಲರು.

ಇದರ ಜೊತೆಗೆ ಸಂವಿಧಾನದ 266 ಮತ್ತು 267ನೇ ಅನುಚ್ಛೇದಗಳನ್ನು ಓದಬೇಕು. ಪ್ರಮಾಣಪತ್ರಕ್ಕೆ ಸಾರ್ವಜನಿಕರು ಕಟ್ಟಿದ ಶುಲ್ಕವು ಸರ್ಕಾರದ ಸ್ವಂತ ಆದಾಯ; ಅದು ಸಂಚಿತ ನಿಧಿಗೆ ಸೇರುತ್ತದೆ. ಟೆಂಡರುದಾರರ ಠೇವಣಿಯನ್ನು ಹಿಂತಿರುಗಿಸಬೇಕಾದುದರಿಂದ ಅದು ಸಾರ್ವಜನಿಕ ಲೆಕ್ಕದಲ್ಲಿ ಇರುತ್ತದೆ. ‘ಈ ಹಣ ಯಾರದು?’ ಎಂಬ ಒಂದೇ ಪ್ರಶ್ನೆಯಿಂದ ಇಂಥ ಹಲವು ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಶಿಲ್ಕು ತಾಳೆಯಾಗದಿದ್ದಾಗ: ಪುಸ್ತಕದ ಶಿಲ್ಕಿಗೂ ಕೈಯಲ್ಲಿರುವ ನಗದಿಗೂ 180 ರೂಪಾಯಿ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳೋಣ. 180 ಎಂಬುದು 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಇಂಥ ಕಡೆ ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು. 2,640 ಎಂದು ಬರೆಯಬೇಕಾದಲ್ಲಿ 2,460 ಎಂದು ಬರೆದಿರಬಹುದು. ವ್ಯತ್ಯಾಸ 700 ರೂಪಾಯಿ ಇದ್ದರೆ ಅದರ ಅರ್ಧವಾದ 350 ರೂಪಾಯಿಯ ನಮೂದನ್ನು ಹುಡುಕಬೇಕು; ಪಾವತಿಯನ್ನು ಜಮೆಯ ಬದಿಗೆ ಬರೆದಿದ್ದರೆ ವ್ಯತ್ಯಾಸವು ಎರಡು ಪಟ್ಟಾಗಿ ಕಾಣುತ್ತದೆ. ಲೆಕ್ಕದ ಭಯವಿರುವವರು ಇಂಥ ಸಣ್ಣ ಉಪಾಯಗಳನ್ನು ಕೈಯಾರೆ ಮಾಡಿ ನೋಡಿದರೆ ಆತ್ಮವಿಶ್ವಾಸ ಬೆಳೆಯುತ್ತದೆ.

6. ಹನ್ನೆರಡು ವಾರಗಳ ವೇಳಾಪಟ್ಟಿ

ದಿನಕ್ಕೆ 45 ನಿಮಿಷದಂತೆ ವಾರಕ್ಕೆ ಆರು ದಿನ ಓದಿದರೆ ನಾಲ್ಕೂವರೆ ಗಂಟೆಗಳಾಗುತ್ತವೆ. ಹನ್ನೆರಡು ವಾರಗಳಲ್ಲಿ 54 ಗಂಟೆಗಳು. ಪರೀಕ್ಷೆಯ ಹಿಂದಿನ ಕೆಲವು ದಿನ ರಜೆ ಹಾಕಿ ಒಮ್ಮೆಲೇ ಓದುವುದಕ್ಕಿಂತ ಈ ಕ್ರಮವು ಹೆಚ್ಚು ಫಲಪ್ರದ. ಮಾದರಿ ಹಂಚಿಕೆ ಈ ಕೆಳಗಿನಂತಿದೆ:

1-2ನೇ ವಾರ: ಸಂವಿಧಾನದ ಹಣಕಾಸು ಅನುಚ್ಛೇದಗಳು, ಲೆಕ್ಕಶೀರ್ಷಿಕೆಗಳು
3-5ನೇ ವಾರ: ಆರ್ಥಿಕ ಸಂಹಿತೆ
6-7ನೇ ವಾರ: ಖಜಾನೆ ಸಂಹಿತೆ
8-9ನೇ ವಾರ: ವೇತನ, ರಜೆ, ಪ್ರಯಾಣ ಭತ್ಯೆ ಮತ್ತು ನಿವೃತ್ತಿ ವೇತನದ ನಿಯಮಗಳು
10ನೇ ವಾರ: ಆಯವ್ಯಯ ಮತ್ತು ಸಾದಿಲ್ವಾರು ವೆಚ್ಚ
11-12ನೇ ವಾರ: ಹಳೆಯ ಪ್ರಶ್ನೆಪತ್ರಿಕೆಗಳು, ದುರ್ಬಲ ಭಾಗಗಳ ಪುನರಾವರ್ತನೆ

ಅಧಿಸೂಚನೆಯಲ್ಲಿನ ಪಠ್ಯಕ್ರಮವನ್ನು ನೋಡಿ ಈ ಹಂಚಿಕೆಯನ್ನು ಮಾರ್ಪಡಿಸಿಕೊಳ್ಳಬೇಕು. ವೇತನ ಬಿಲ್ಲಿನ ದಿನಗಳಲ್ಲಿಯೂ ಮಾರ್ಚ್ ಅಂತ್ಯದಲ್ಲಿಯೂ ಹೊಸ ಪಾಠ ಹಿಡಿಯದೆ, ಹತ್ತು ನಿಮಿಷಗಳ ಪುನರಾವರ್ತನೆಗೆ ತೃಪ್ತಿಪಡುವುದು ಲೇಸು. ಒಂದು ದಿನ ತಪ್ಪಿದರೆ ಯೋಜನೆಯನ್ನೇ ಕೈಬಿಡಬಾರದು. ಮರುದಿನದ ಪಾಠದಿಂದ ಮುಂದುವರಿಸಿ, ತಪ್ಪಿದ್ದನ್ನು ಏಳನೆಯ ದಿನ ಓದಬೇಕು.

7. ಮನೆ ಮತ್ತು ಕಚೇರಿಯ ಸಹಕಾರ

ಓದಿನ ವೇಳೆಯನ್ನು ಮನೆಯವರಿಗೆ ಮೊದಲೇ ತಿಳಿಸಿ, ಆ 45 ನಿಮಿಷಗಳ ಮಟ್ಟಿಗೆ ಅವರ ಸಹಕಾರ ಕೋರಬೇಕು. ಮಕ್ಕಳು ಓದಲು ಕುಳಿತಾಗ ಅದೇ ಮೇಜಿನಲ್ಲಿ ತಾವೂ ಕುಳಿತರೆ ಇಬ್ಬರಿಗೂ ಅನುಕೂಲ. ವಿಶೇಷವಾಗಿ ಮನೆಗೆಲಸದ ಹೊರೆಯೂ ಇರುವ ಮಹಿಳಾ ನೌಕರರಿಗೆ ಕುಟುಂಬದ ಇತರ ಸದಸ್ಯರು ಈ ಅವಧಿಯಲ್ಲಿ ಕೆಲಸ ಹಂಚಿಕೊಂಡು ನೆರವಾಗುವುದು ಅವಶ್ಯ.

ಕಚೇರಿಯಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವ ಮೂರು ನಾಲ್ಕು ಮಂದಿ ಸೇರಿ, ಊಟದ ವಿರಾಮದಲ್ಲಿ ದಿನಕ್ಕೊಬ್ಬರಂತೆ ಒಂದು ನಿಯಮವನ್ನು ಇತರರಿಗೆ ವಿವರಿಸಬಹುದು. ಇನ್ನೊಬ್ಬರಿಗೆ ಹೇಳಿಕೊಡಲು ಹೊರಟಾಗಲೇ ತಮಗೆ ತಿಳಿಯದಿರುವುದು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಹಿರಿಯ ಅಧೀಕ್ಷಕರೂ ಲೆಕ್ಕಾಧಿಕಾರಿಗಳೂ ಕಡತ ತೋರಿಸಿ ವಿವರಿಸಿದರೆ ಅದು ದೊಡ್ಡ ಉಪಕಾರ.

8. ಪರೀಕ್ಷೆಯ ಸಂದರ್ಭದಲ್ಲಿ

ಅರ್ಜಿ ಸಲ್ಲಿಸುವಾಗ ವಿಷಯ ಸಂಕೇತ, ಪರೀಕ್ಷಾ ಕೇಂದ್ರ ಮತ್ತು ವೈಯಕ್ತಿಕ ವಿವರಗಳನ್ನು ಎರಡು ಬಾರಿ ಪರಿಶೀಲಿಸಬೇಕು. ಪ್ರಶ್ನೆಯಲ್ಲಿನ ‘ಅಲ್ಲದ್ದು’, ‘ಹೊರತುಪಡಿಸಿ’, ‘ಗರಿಷ್ಠ’ ಎಂಬಂಥ ಪದಗಳಿಗೆ ವಿಶೇಷ ಗಮನ ನೀಡಬೇಕು. ತಿಳಿದಿರುವ ಪ್ರಶ್ನೆಗಳನ್ನು ಮೊದಲು ಮುಗಿಸಿ, ಲೆಕ್ಕದ ಪ್ರಶ್ನೆಗಳಿಗೆ ಸಮಯ ಉಳಿಸಿಕೊಳ್ಳುವುದು ಒಳ್ಳೆಯದು. ಒಂದು ಅಧಿವೇಶನದಲ್ಲಿ ತೇರ್ಗಡೆಯಾಗದಿದ್ದರೆ, ಯಾವ ಭಾಗದಲ್ಲಿ ಹಿನ್ನಡೆಯಾಯಿತು ಎಂಬುದನ್ನು ಅದೇ ವಾರ ಬರೆದಿಟ್ಟುಕೊಂಡು, ಮುಂದಿನ ಸಿದ್ಧತೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಸೂಚನೆ: ಈ ಲೇಖನವು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಅರ್ಹತೆ, ಪಠ್ಯಕ್ರಮ, ಪರೀಕ್ಷಾ ವಿಧಾನ ಮತ್ತು ದಿನಾಂಕಗಳಿಗೆ ಆಯೋಗದ ಅಧಿಸೂಚನೆಯೂ, ನಿಯಮಗಳ ವಿಷಯದಲ್ಲಿ ಕಾಲಕಾಲಕ್ಕೆ ತಿದ್ದುಪಡಿಯಾದ ಮೂಲ ನಿಯಮಗಳೂ ಅಂತಿಮ. ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ಬಳಸುವವರು ಅವುಗಳಲ್ಲಿನ ಮೊತ್ತಗಳನ್ನೂ ಮಿತಿಗಳನ್ನೂ ಇತ್ತೀಚಿನ ಸರ್ಕಾರಿ ಆದೇಶಗಳೊಡನೆ ಹೋಲಿಸಿ ನೋಡತಕ್ಕದ್ದು.